ಕೋಡ್ ರಿವ್ಯೂ ತಡವಾಗುವುದರಿಂದ ಆಗುವ ನಷ್ಟವನ್ನು ತಗ್ಗಿಸುವುದು ಹೇಗೆ?

ಪ್ರಶ್ನೆ:
ನಮ್ಮ ತಂಡದಲ್ಲಿ ಒಂದು ಪುಲ್ ರಿಕ್ವೆಸ್ಟ್ (ನಾನು ಮಾಡಿದ ಕೋಡ್ ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ಸಹೋದ್ಯೋಗಿಗಳ ರಿವ್ಯೂ, ಅಂದರೆ ಪರಿಶೀಲನೆ, ಮುಗಿದು ಮರ್ಜ್ ಆಗಲು, ಅಂದರೆ ಮುಖ್ಯ ಕೋಡಿಗೆ ಸೇರಲು, ನಾಲ್ಕೈದು ದಿನ ಹಿಡಿಯುತ್ತದೆ. ಅಷ್ಟರಲ್ಲಿ ನಾನು ಬೇರೆ ಕೆಲಸಕ್ಕೆ ಕೈಹಾಕಿರುತ್ತೇನೆ. ರಿವ್ಯೂ ಟಿಪ್ಪಣಿಗಳು ಬಂದಾಗ ಹಳೆಯ ಕೋಡನ್ನು ಮತ್ತೆ ಓದಿ, ಮುಖ್ಯ ಬ್ರಾಂಚಿನಲ್ಲಿ (ತಂಡದ ಮುಖ್ಯ ಕೋಡ್ ಪ್ರತಿಯಲ್ಲಿ) ಆಗಿರುವ ಬದಲಾವಣೆಗಳೊಂದಿಗೆ ಹೊಂದಿಸಿ, ಟೆಸ್ಟ್‌ಗಳನ್ನು ಪುನಃ ನಡೆಸುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ಗುಣಮಟ್ಟವನ್ನು ಬಿಟ್ಟುಕೊಡದೆ ಇದನ್ನು ಸರಿಪಡಿಸುವುದು ಹೇಗೆ?

ಉತ್ತರ 1:
ಮೊದಲು ಬದಲಾವಣೆಯ ಗಾತ್ರವನ್ನು ನೋಡಿ. ಗೂಗಲ್ ಪ್ರಕಟಿಸಿರುವ ಮಾರ್ಗಸೂಚಿಯ ಪ್ರಕಾರ 100 ಸಾಲುಗಳು ಸಾಮಾನ್ಯವಾಗಿ ಸೂಕ್ತ, 1000 ಸಾಲುಗಳು ಅತಿಯಾದವು. ಅದೇ ಮಾರ್ಗಸೂಚಿಯಂತೆ ರಿವ್ಯೂ ಕೋರಿಕೆಗೆ ಪ್ರತಿಕ್ರಿಯಿಸಲು ಗರಿಷ್ಠ ಅವಧಿ ಒಂದು ಕೆಲಸದ ದಿನ. ಅಂದೇ ಮರ್ಜ್ ಆಗಬೇಕೆಂದು ಇದರ ಅರ್ಥವಲ್ಲ. ತಡ ಹೆಚ್ಚಾದಷ್ಟೂ ಜನರು ಹಲವು ಬದಲಾವಣೆಗಳನ್ನು ಒಂದೇ ರಿಕ್ವೆಸ್ಟಿಗೆ ತುಂಬುತ್ತಾರೆ, ಅದು ದೊಡ್ಡದಾದಷ್ಟೂ ಓದಲು ಯಾರೂ ಮುಂದೆ ಬರುವುದಿಲ್ಲ. ನನ್ನ ಅನುಭವದಲ್ಲಿ ಈ ಸುಳಿಯೇ ಎಲ್ಲಕ್ಕಿಂತ ದೊಡ್ಡ ನಷ್ಟ.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ. ಇಂಡೆಂಟೇಶನ್‌ನಂಥ (ಸಾಲಿನ ಆರಂಭದಲ್ಲಿ ಬಿಡುವ ಅಂತರ) ಶೈಲಿಯ ವಿಷಯಗಳನ್ನು ಫಾರ್ಮ್ಯಾಟರ್‌ಗೆ (ಕೋಡಿನ ಶೈಲಿಯನ್ನು ತಾನಾಗಿ ಸರಿಪಡಿಸುವ ಸಾಧನ) ಒಪ್ಪಿಸಿದರೆ ಮನುಷ್ಯರ ಗಮನ ತರ್ಕದ ಕಡೆಗೆ ಉಳಿಯುತ್ತದೆ. ಜೊತೆಗೆ, ಅನುಮೋದನೆ ನೀಡಬಲ್ಲವರು ಒಬ್ಬರೇ ಇದ್ದರೆ ಅವರು ರಜೆ ಹಾಕಿದ ದಿನ ಇಡೀ ತಂಡವೇ ಕಾಯಬೇಕಾಗುತ್ತದೆ.

ಪ್ರಶ್ನೆ ಕೇಳಿದವರು:
ನಮ್ಮಲ್ಲಿ ಅನುಮೋದಿಸುವವರು ನಿಜಕ್ಕೂ ಒಬ್ಬರೇ. ಇನ್ನಿಬ್ಬರಿಗೆ ಆ ಅಧಿಕಾರ ನೀಡುವಂತೆ ಸೋಮವಾರ ಕೇಳುತ್ತೇನೆ.