ಡಿಎಲ್‌ಸಿ ಅನ್‌ಲಾಕರ್ ಹಾಕಿದ ಮೇಲೆ ಗೇಮ್ ಓಪನ್ ಆಗುತ್ತಿಲ್ಲ, ಡಿಸ್ಕಾರ್ಡ್‌ನಲ್ಲಿ ಮೆಸೇಜ್ ತಾನಾಗೇ ಹೋಗುತ್ತಿದೆ

ಟ್ರಾಮ್‌ಪ್ರಿಯ:
ಗೇಮ್ ಸಿಟೀಸ್: ಸ್ಕೈಲೈನ್ಸ್, ಊರು ಕಟ್ಟುವ ಗೇಮ್, 2015ರದ್ದು, ಸ್ಟೀಮ್‌ನಲ್ಲಿ ದುಡ್ಡು ಕೊಟ್ಟೇ ತಗೊಂಡಿದ್ದು. ನನ್ನ ತಮ್ಮ ಸ್ನೋಫಾಲ್ ಡಿಎಲ್‌ಸಿಯ (ಬೇರೆ ದುಡ್ಡು ಕೊಟ್ಟು ತಗೊಳ್ಳಬೇಕಾದ ಹೆಚ್ಚುವರಿ ಭಾಗ) ಟ್ರಾಮ್ ಬೇಕು ಅಂತ ಯಾವುದೋ ವಿಡಿಯೋ ಕೆಳಗಿದ್ದ ಲಿಂಕ್‌ನಿಂದ ಅನ್‌ಲಾಕರ್ ಇಳಿಸಿ ಹಾಕಿದ್ದಾನೆ. ಜಿಪ್‌ಗೆ ಪಾಸ್‌ವರ್ಡ್ ಇತ್ತಂತೆ, ವಿಂಡೋಸ್‌ನ ಆಂಟಿವೈರಸ್ ಡಿಫೆಂಡರ್ ಆಫ್ ಮಾಡಿ ಅಂತಲೂ ಬರೆದಿತ್ತಂತೆ. ಟ್ರಾಮ್ ಓಡಿತು. ಈಗ ಗೇಮ್ ಓಪನ್ ಆದ ತಕ್ಷಣ ಮುಚ್ಚಿಕೊಳ್ಳುತ್ತೆ, ಅವನ ಡಿಸ್ಕಾರ್ಡ್‌ನಿಂದ ಗೆಳೆಯರಿಗೆಲ್ಲ ಗಿಫ್ಟ್ ಲಿಂಕ್ ಹೋಗುತ್ತಿದೆ. ಗೇಮ್ ರೀಇನ್‌ಸ್ಟಾಲ್ ಮಾಡಿದರೆ ಸಾಕಾ?

ಬೂಟ್‌ಲೂಪ್:
ಸಾಕಾಗಲ್ಲ. ಗೇಮ್ ಆಮೇಲೆ ನೋಡೋಣ, ಮೊದಲು ಆ ಪಿಸಿಯ ನೆಟ್ ತೆಗೀರಿ.

ಅನ್‌ಲಾಕರ್ ಮಾಡೋದು ಇಷ್ಟೇ: ಗೇಮ್ ಫೋಲ್ಡರ್‌ನಲ್ಲಿರುವ ಸ್ಟೀಮ್‌_ಎಪಿಐ64 ಡಿಎಲ್‌ಎಲ್ ಫೈಲ್ ತೆಗೆದು ತನ್ನದೊಂದನ್ನು ಇಡುತ್ತೆ. "ಈ ಡಿಎಲ್‌ಸಿ ಇವರ ಹತ್ತಿರ ಇದೆಯಾ" ಅಂತ ಗೇಮ್ ಕೇಳಿದಾಗ ಅದು ಸುಮ್ನೆ ಹೂಂ ಅನ್ನುತ್ತೆ. ಅಪ್‌ಡೇಟ್ ಬಂದು ಫೈಲ್ ಹೊಂದಿಕೆಯಾಗದೇ ಹೋದರೆ ಗೇಮ್ ಕ್ರ್ಯಾಶ್. ಅದು ಸಣ್ಣ ತಲೆನೋವು. ಡಿಸ್ಕಾರ್ಡ್ ಮೆಸೇಜ್ ನೋಡಿದರೆ ಅದರ ಜೊತೆ ಇನ್ನೊಂದು ಬಂದಿದೆ, ಬ್ರೌಸರ್‌ನ ಕುಕಿ, ಸೇವ್ ಮಾಡಿದ ಪಾಸ್‌ವರ್ಡ್ ಎಲ್ಲ ಬಾಚಿಕೊಂಡು ಹೋಗುವಂಥದ್ದು. ಕುಕಿ ಸಿಕ್ಕರೆ ಎಷ್ಟೋ ಕಡೆ ಓಟಿಪಿ ಕೇಳೋದೇ ಇಲ್ಲ, ಲಾಗಿನ್ ಆಗೇ ಇರುತ್ತೆ ಅಲ್ವಾ. ಜಿಪ್‌ಗೆ ಪಾಸ್‌ವರ್ಡ್ ಹಾಕೋದು ಡೌನ್‌ಲೋಡ್ ಆಗುವಾಗ ಆಂಟಿವೈರಸ್ ಒಳಗೆ ಇಣುಕದಿರಲಿ ಅಂತ.

ಈಗ ನಿಮ್ಮ ಫೋನ್‌ನಿಂದ, ಇದೇ ಕ್ರಮದಲ್ಲಿ: ಮೊದಲು ತಮ್ಮನ ಇಮೇಲ್ ಪಾಸ್‌ವರ್ಡ್, ಯಾಕಂದ್ರೆ ಉಳಿದದ್ದೆಲ್ಲ ರೀಸೆಟ್ ಆಗೋದು ಅಲ್ಲಿಂದಲೇ. ಆಮೇಲೆ ಸ್ಟೀಮ್ ಪಾಸ್‌ವರ್ಡ್ ಬದಲಿಸಿ, ಸ್ಟೀಮ್ ಗಾರ್ಡ್‌ನಲ್ಲಿ ಎಲ್ಲಾ ಡಿವೈಸ್‌ಗಳನ್ನೂ ಸೈನ್ ಔಟ್ ಮಾಡಿ. ಸ್ಟೀಮ್‌ನ ವೆಬ್ ಎಪಿಐ ಕೀ (ಬೇರೆ ಪ್ರೋಗ್ರಾಂ ನಿಮ್ಮ ಅಕೌಂಟ್ ಬಳಸೋಕೆ ಬೇಕಾದ ಕೀ) ಪೇಜ್‌ನಲ್ಲಿ ನೀವು ಮಾಡದ ಕೀ ಇದ್ದರೆ ರದ್ದು ಮಾಡಿ. ಇದನ್ನು ಜಾಸ್ತಿ ಜನ ಮರೀತಾರೆ, ಐಟಂ ಟ್ರೇಡ್‌ಗೆ ಕಳ್ಳರು ಕೈ ಹಾಕೋದು ಅದರಿಂದಲೇ. ಕೊನೆಗೆ ಡಿಸ್ಕಾರ್ಡ್.

ಮಧ್ಯರಾತ್ರಿ:
ಸುಮ್ನೆ ಹೆದರಿಸಬೇಡಿ ಗುರು. ಅನ್‌ಲಾಕರ್ ಯಾವುದೇ ಇರಲಿ, ಡಿಫೆಂಡರ್ ವೈರಸ್ ಅಂತಾನೇ ಹೇಳುತ್ತೆ.

ಬೂಟ್‌ಲೂಪ್:
ನಿಜ, ಕೆಲವು ಸಲ ಸುಳ್ಳು ಅಲಾರಂ. ಕಷ್ಟ ಇರೋದೇ ಅಲ್ಲಿ. ಎಚ್ಚರಿಕೆ ಬರುತ್ತೆ ಅಂತ ಮೊದಲೇ ಹೇಳಿಟ್ಟರೆ, ನಿಜವಾದದ್ದು ಬಂದಾಗಲೂ ನೀವೇ ಅಲೋ ಒತ್ತುತ್ತೀರಿ. ಇನ್ನೊಂದು, ಬದಲಾದ ಡಿಎಲ್‌ಎಲ್ ಇಟ್ಟುಕೊಂಡು ವ್ಯಾಕ್ (ಸ್ಟೀಮ್‌ನ ಮೋಸ ಹಿಡಿಯುವ ವ್ಯವಸ್ಥೆ) ಇರುವ ಆನ್‌ಲೈನ್ ಗೇಮ್‌ಗೆ ಹೋದರೆ ಬ್ಯಾನ್ ಆಗಬಹುದು. ವ್ಯಾಕ್ ಬ್ಯಾನ್ ಅನ್ನು ಸ್ಟೀಮ್ ಸಪೋರ್ಟ್ ಕೂಡ ತೆಗೆಯಲ್ಲ.

ಟ್ರಾಮ್‌ಪ್ರಿಯ:
ಪಾಸ್‌ವರ್ಡ್ ಎಲ್ಲ ಬದಲಿಸಿದೆ. ಎಪಿಐ ಕೀ ಒಂದಿತ್ತು, ನಾವು ಮಾಡಿದ್ದಲ್ಲ! ತೆಗೆದೆ. ಡಿಫೆಂಡರ್ ಎಕ್ಸ್‌ಕ್ಲೂಶನ್‌ನಲ್ಲಿ (ಸ್ಕ್ಯಾನ್ ಮಾಡದೆ ಬಿಡುವ ಪಟ್ಟಿ) ಇಡೀ ಸಿ ಡ್ರೈವ್ ಸೇರಿಕೊಂಡಿದೆ. ತಮ್ಮನ ಊರು ಉಳಿಯುತ್ತಾ?

ಬೂಟ್‌ಲೂಪ್:
ಹಾಗಿದ್ದರೆ ಸ್ಕ್ಯಾನ್ ನಂಬಬೇಡಿ, ವಿಂಡೋಸ್ ಪೂರ್ತಿ ಹೊಸದಾಗಿ ಹಾಕಿ. ಅದಕ್ಕೆ ಮೊದಲು ಆಪ್‌ಡೇಟಾ, ಲೋಕಲ್, ಕೊಲೊಸಲ್ ಆರ್ಡರ್ ಫೋಲ್ಡರ್ ಒಳಗಿನ ಸೇವ್ಸ್‌ನಿಂದ ಡಾಟ್ ಸಿಆರ್‌ಪಿ ಫೈಲ್ ಮಾತ್ರ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ, ಬೇರೆ ಏನೂ ಬೇಡ. ಟ್ರಾಮ್ ಹಾಕಿದ ಸೇವ್ ಡಿಎಲ್‌ಸಿ ಇಲ್ಲದೆ ಸರಿಯಾಗಿ ಲೋಡ್ ಆಗದೇ ಇರಬಹುದು, ಅದಕ್ಕಿಂತ ಹಳೇದಿದ್ದರೆ ಅದನ್ನೂ ತಗೊಳ್ಳಿ. ಸ್ನೋಫಾಲ್ ಸೇಲ್‌ನಲ್ಲಿ ಆಗಾಗ ಬರುತ್ತೆ, ವಿಶ್‌ಲಿಸ್ಟ್‌ಗೆ ಹಾಕಿಟ್ಟರೆ ಇಮೇಲ್ ಬರುತ್ತೆ.