ಅಪ್‌ಡೇಟ್: ಟ್ವೀಡ್ ಬಿಟ್ಟೆ, ಡಿಲಕ್ಸ್ ರಿವರ್ಬ್ ಕಟ್ಟಿದೆ

ಬ್ಯಾಂಡ್ ಕಾರ್ಯಕ್ರಮಗಳಿಗೆ ಹಳೆಯ ಮಾದರಿಯ ಯಾವ ವಾಲ್ವ್ (ನಿರ್ವಾತ ನಳಿಕೆ) ಗಿಟಾರ್ ಆಂಪ್ಲಿಫೈಯರ್ ಕಟ್ಟಲಿ ಎಂದು ಕೇಳಿದ್ದವನು ನಾನೇ. ಮನಸ್ಸು ಐವತ್ತರ ದಶಕದ ಫೆಂಡರ್ ಕಂಪನಿಯ ಟ್ವೀಡ್ ಡಿಲಕ್ಸ್, ಅಂದರೆ 5ಇ3 ಸರ್ಕ್ಯೂಟ್ ಮೇಲಿತ್ತು. ಡ್ರಮ್ಸ್ ಪಕ್ಕದಲ್ಲಿ ಅದರ ಶುದ್ಧ ಸ್ವರ ಉಳಿಯುವುದಿಲ್ಲ ಎಂದು ಹಲವರು ಎಚ್ಚರಿಸಿದ್ದಿರಿ. ಗೆಳೆಯನ 5ಇ3 ತಂದು ಅಭ್ಯಾಸದಲ್ಲಿ ನುಡಿಸಿದೆ. ನೀವು ಹೇಳಿದ್ದೇ ನಿಜ: ವಾಲ್ಯೂಮ್ ಅರ್ಧ ದಾಟುವ ಮೊದಲೇ ಸ್ವರ ಒಡೆಯಿತು, ಮಂದ್ರದ ತಂತಿಗಳು ಕೆಸರಾದವು. ಮನೆಯಲ್ಲಿ ಮಾತ್ರ ಅದರಷ್ಟು ಚಂದದ್ದು ಇನ್ನೊಂದಿಲ್ಲ.

ಕೊನೆಗೆ ಫೆಂಡರ್‌ನದೇ ಇನ್ನೊಂದು ಮಾದರಿಯಾದ ಡಿಲಕ್ಸ್ ರಿವರ್ಬ್‌ನ ಎಬಿ763 ಸರ್ಕ್ಯೂಟ್ ಕಟ್ಟಿದೆ. ಔಟ್‌ಪುಟ್‌ಗೆ ಟ್ವೀಡ್‌ನಲ್ಲಿದ್ದಂಥದೇ ಎರಡು 6ವಿ6 ವಾಲ್ವ್‌ಗಳು, ಆದರೆ ಶಕ್ತಿ ಹೆಚ್ಚು, ಸುಮಾರು 22 ವ್ಯಾಟ್. ಸದ್ದನ್ನು ಅಲೆಯಂತೆ ಏರಿಳಿಸುವ ಟ್ರೆಮೊಲೊ ಭಾಗ ಕೈಬಿಟ್ಟೆ. ಪವರ್ ಟ್ರಾನ್ಸ್‌ಫಾರ್ಮರ್ ನಮ್ಮ ಮನೆಯ ಕರೆಂಟಿಗೆ ಹೊಂದುವ 230 ವೋಲ್ಟ್ ಪ್ರೈಮರಿಯದೇ (ಒಳಬರುವ ಸುರುಳಿ) ಬೇಕೆಂದು ನೆನಪಿಸಿದವರಿಗೆ ದೊಡ್ಡ ನಮಸ್ಕಾರ.

ಮೊದಲ ಸಲ ಚಾಲೂ ಮಾಡಿದಾಗ ಕಿವಿ ಸೀಳುವ ಕಿರುಚಾಟ. ಎರಡು ಸಂಜೆ ಬೆಸುಗೆಗಳನ್ನೆಲ್ಲ ಅನುಮಾನಿಸಿದೆ. ತಪ್ಪು ಬೇರೆಡೆ ಇತ್ತು: ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ನೀಲಿ, ಕಂದು ತಂತಿಗಳು ಅದಲುಬದಲಾಗಿ, ಔಟ್‌ಪುಟ್‌ನ ಸ್ವಲ್ಪ ಭಾಗವನ್ನು ತಿರುಗಿಸಿ ಹಿಂದಕ್ಕೆ ಕಳಿಸಿ ಸದ್ದನ್ನು ಹತೋಟಿಯಲ್ಲಿಡುವ ನೆಗೆಟಿವ್ ಫೀಡ್‌ಬ್ಯಾಕ್, ಸದ್ದನ್ನು ಮತ್ತೆ ಮತ್ತೆ ಹೆಚ್ಚಿಸುವ ಪಾಸಿಟಿವ್ ಆಗಿತ್ತು. ಕೆಪಾಸಿಟರ್‌ಗಳಲ್ಲಿ ಉಳಿದ ನಾನೂರಕ್ಕೂ ಹೆಚ್ಚು ವೋಲ್ಟ್ ಅನ್ನು ರೆಸಿಸ್ಟರ್ ಮೂಲಕ ಇಳಿಸಿ, ಮೀಟರ್ ಹಿಡಿದು ಸೊನ್ನೆ ಖಚಿತಪಡಿಸಿಕೊಂಡು, ಆ ಎರಡು ತಂತಿಗಳನ್ನು ಬದಲಿಸಿದೆ. ಕಿರುಚಾಟ ನಿಂತಿತು.

ಇನ್ನೊಂದು ಮಾತು. ವ್ಯಾಟ್ ದುಪ್ಪಟ್ಟಾದರೂ ಹೆಚ್ಚುವುದು 3 ಡೆಸಿಬೆಲ್ ಅಷ್ಟೇ. 96 ಡೆಸಿಬೆಲ್ ಸಂವೇದನೆಯ (ಅಷ್ಟೇ ವ್ಯಾಟ್‌ಗೆ ಎಷ್ಟು ಜೋರು ಎಂಬ ಅಳತೆ) ಸ್ಪೀಕರ್ ತೆಗೆದು 100 ಡೆಸಿಬೆಲ್‌ನದು ಹಾಕಿದಾಗ ಸಿಕ್ಕಿದ ಜೋರು ಅದಕ್ಕಿಂತ ಹೆಚ್ಚು. ಕಳೆದ ಶನಿವಾರದ ಕಾರ್ಯಕ್ರಮದಲ್ಲಿ ವಾಲ್ಯೂಮ್ 5ರಲ್ಲೇ ಇತ್ತು. ಇನ್ನಷ್ಟು ತಗ್ಗಿಸು ಎಂದವನು ನಮ್ಮ ಡ್ರಮ್ಮರ್.