ಸರ್ವರ್‌ನಲ್ಲಿ ಓಡುತ್ತಿರುವ ಪ್ರೊಸೆಸ್‌ಗಳ ಪಟ್ಟಿ ಮೇಲ್‌ಗೆ ಬರಬೇಕು: ಶೆಲ್ ಸ್ಕ್ರಿಪ್ಟ್ ಹೇಗಿರಬೇಕು?

ಬ್ಯಾಡಗಿ_ಬಿಲ್ಲಿಂಗ್

ಬ್ಯಾಡಗಿಯ ಒಂದು ದಲಾಲಿ ಅಂಗಡಿಯ ಸರ್ವರ್. ಉಬುಂಟು 22.04, 4 ಕೋರ್, 8 ಜಿಬಿ ರ‍್ಯಾಮ್. ಟಾಮ್‌ಕ್ಯಾಟ್ (ಜಾವಾ ಪ್ರೋಗ್ರಾಂ ಓಡಿಸುವ ಸರ್ವರ್) ಮೇಲೆ ಬಿಲ್ಲಿಂಗ್ ಸಾಫ್ಟ್‌ವೇರ್, ಅದರ ಹಿಂದೆ ಪೋಸ್ಟ್‌ಗ್ರೆಸ್ 14 ಡೇಟಾಬೇಸ್. ಮೆಣಸಿನಕಾಯಿ ಟೆಂಡರ್ ಇರುವ ದಿನ ಸಂಜೆ ರೈತರ ಲೆಕ್ಕ ಮಾಡುವ ಹೊತ್ತಿಗೆ ಎಲ್ಲ ನಿಧಾನವಾಗುತ್ತದೆ, ಕೆಲವೊಮ್ಮೆ ಪೂರ್ತಿ ನಿಂತೇ ಹೋಗುತ್ತದೆ. ನೋಡಿಕೊಳ್ಳುವುದು ಹುಬ್ಬಳ್ಳಿಯಿಂದ. ಲಾಗಿನ್ ಆಗುವಷ್ಟರಲ್ಲಿ ಯಾರೋ ಬಟನ್ ಒತ್ತಿ ರೀಸ್ಟಾರ್ಟ್ ಮಾಡಿರುತ್ತಾರೆ, ಕಾರಣ ಉಳಿಯುವುದಿಲ್ಲ.

ಗಂಟೆಗೊಮ್ಮೆ ಟಾಪ್ ಕಮಾಂಡಿನ ಔಟ್‌ಪುಟ್ ಮೇಲ್ ಮಾಡುವ ಸ್ಕ್ರಿಪ್ಟ್ ಇಟ್ಟರೆ ಸಾಕೇ? ಟಾಪ್ ಅನ್ನು ಕ್ರಾನ್‌ನಲ್ಲಿ (ನಿಗದಿತ ಹೊತ್ತಿಗೆ ಕಮಾಂಡ್ ಓಡಿಸುವ ಸೇವೆ) ಹಾಕಿದರೆ ಟರ್ಮ್ ವೇರಿಯಬಲ್ ಸೆಟ್ ಆಗಿಲ್ಲ ಎಂಬ ದೂರು ಮಾತ್ರ ಬರುತ್ತಿದೆ.

ಬೆಟಗೇರಿ_ರೂಟ್

ಕಮಾಂಡುಗಳನ್ನು ಉಚ್ಚಾರದಂತೆ ಬರೆಯುತ್ತಿದ್ದೇನೆ, ಟೈಪ್ ಮಾಡುವಾಗ, ಬೇರೆ ಹೇಳದಿದ್ದರೆ, ಎಲ್ಲವೂ ಇಂಗ್ಲಿಷ್ ಸಣ್ಣಕ್ಷರ.

ಟಾಪ್ ತಾನಾಗಿ ಪರದೆ ಹುಡುಕುತ್ತದೆ, ಕ್ರಾನ್‌ನಲ್ಲಿ ಪರದೆಯೇ ಇಲ್ಲ. ಅದಕ್ಕೆ -ಬಿ ಕೊಟ್ಟರೆ ಬ್ಯಾಚ್ ಮೋಡ್. ಆದರೆ ಪಟ್ಟಿಗೆ ಪಿಎಸ್ ಸಾಕು:

ಪಿಎಸ್ -ಇಓ ಪಿಐಡಿ,ಯೂಸರ್:20,ಸ್ಟ್ಯಾಟ್,ಪಿಸಿಪಿಯು,ಪಿಮೆಮ್,ಇಟೈಮ್,ಕಾಮ್ --ಸಾರ್ಟ್=-ಪಿಮೆಮ್ | ಹೆಡ್ -ಎನ್ 25

ಪಿಸಿಪಿಯು, ಪಿಮೆಮ್ ಎಂದರೆ ಸಿಪಿಯು ಮತ್ತು ಮೆಮೊರಿಯ ಶೇಕಡಾ ಪಾಲು, ಸ್ಟ್ಯಾಟ್ ಸ್ಥಿತಿ, ಇಟೈಮ್ ಶುರುವಾಗಿ ಕಳೆದ ಸಮಯ, ಕಾಮ್ ಪ್ರೋಗ್ರಾಮಿನ ಹೆಸರು. ಕಾಮ್ ಬರೆಯುವಾಗ ಎಮ್ ಎರಡು. ಯೂಸರ್ ಮುಂದೆ :20 ಇಲ್ಲದಿದ್ದರೆ ಎಂಟಕ್ಷರ ಮೀರಿದ ಹೆಸರು ತುಂಡಾಗುತ್ತದೆ, ಇಲ್ಲವೇ ಬರೀ ಯುಐಡಿ (ಯೂಸರ್‌ನ ಗುರುತಿನ) ಸಂಖ್ಯೆ ಬರುತ್ತದೆ.

ಪಟ್ಟಿ ತೆಗೆಯುವುದು ಸುಲಭ, ತಲೆನೋವು ಇರುವುದು ಮೇಲ್ ಕಳಿಸುವುದರಲ್ಲಿ. ಬ್ರಾಡ್‌ಬ್ಯಾಂಡ್ ಲೈನಿನಿಂದ ನೇರವಾಗಿ 25ನೇ ಪೋರ್ಟಿನಲ್ಲಿ ಕಳಿಸುವ ಆಸೆ ಬಿಡಿ. ಹಲವು ಕಡೆ ಆ ಪೋರ್ಟ್ ಮುಚ್ಚಿರುತ್ತದೆ, ತೆರೆದಿದ್ದರೂ ಎಸ್‌ಪಿಎಫ್ ಮತ್ತು ರಿವರ್ಸ್ ಡಿಎನ್‌ಎಸ್ (ಕಳಿಸಿದ ಸರ್ವರ್ ಅಸಲಿ ಎಂದು ತೋರಿಸುವ ದಾಖಲೆಗಳು) ಇಲ್ಲದ ಮೇಲ್ ಅನ್ನು ಜಿಮೇಲ್ ತಿರಸ್ಕರಿಸುತ್ತದೆ ಅಥವಾ ಸ್ಪ್ಯಾಮ್‌ಗೆ ತಳ್ಳುತ್ತದೆ. ಬದಲಿಗೆ ಜಿಮೇಲ್ ಮೂಲಕ ಕಳಿಸಲು ಎಂಎಸ್‌ಎಂಟಿಪಿ ಎಂಬ ಸಣ್ಣ ಪ್ರೋಗ್ರಾಂ, ಜೊತೆಗೆ ಎಂಎಸ್‌ಎಂಟಿಪಿ-ಎಂಟಿಎ ಪ್ಯಾಕೇಜನ್ನೂ ಹಾಕಿ. ಎರಡನೆಯದು ಸೆಂಡ್‌ಮೇಲ್ (ಮೇಲ್ ಕಳಿಸುವ ಮಾಮೂಲಿ ಕಮಾಂಡ್) ಹೆಸರಿಗೆ ಕೊಂಡಿ ಕೊಡುವುದರಿಂದ ಕ್ರಾನ್ ಕೂಡ ಅದನ್ನೇ ಬಳಸುತ್ತದೆ. ಸೆಟ್ಟಿಂಗ್: ಜಿಮೇಲ್‌ನ ಎಸ್‌ಎಂಟಿಪಿ ಹೋಸ್ಟ್, ಪೋರ್ಟ್ 587, ಆಥ್ ಆನ್, ಟಿಎಲ್‌ಎಸ್ ಆನ್, ಟಿಎಲ್‌ಎಸ್_ಸ್ಟಾರ್ಟ್‌ಟಿಎಲ್‌ಎಸ್ ಆನ್. ಖಾತೆಯ ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ. ಟೂ-ಸ್ಟೆಪ್ ವೆರಿಫಿಕೇಶನ್ ಹಾಕಿ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ತೆಗೆದುಕೊಳ್ಳಬೇಕು. ಸರ್ವರ್‌ಗೆಂದೇ ಬೇರೆ ಜಿಮೇಲ್ ಖಾತೆ ಮಾಡುವುದು ಲೇಸು, ಮಾಲೀಕರ ಖಾತೆಯ ಕೀಲಿಯನ್ನು ಅಂಗಡಿಯ ಡಬ್ಬದಲ್ಲಿ ಇಡಬೇಡಿ.

ಪಾಸ್‌ವರ್ಡ್ ಇರುವ ಸೆಟ್ಟಿಂಗ್ ಫೈಲಿಗೆ ಸಿಎಚ್‌ಮಾಡ್ 600 ಕೊಡಿ, ಅಂದರೆ ಫೈಲಿನ ಒಡೆಯ ಯೂಸರ್ ಮಾತ್ರ ಓದಿ ಬರೆಯಬಹುದು. ನಿಮ್ಮ ಹೋಮ್ ಫೋಲ್ಡರಿನ ಆ ಫೈಲಿಗೆ ಇದಿಲ್ಲದಿದ್ದರೆ ಎಂಎಸ್‌ಎಂಟಿಪಿ ಕೆಲಸವನ್ನೇ ಮಾಡುವುದಿಲ್ಲ.

ಟರ್ಮಿನಲ್_ಧಾರವಾಡ

ಮ್ಯಾಲೆ ಹೇಳಿದ್ದೆಲ್ಲಾ ಖರೆ. ಆದ್ರ ಗಂಟೆಗೊಂದು ಪಟ್ಟಿ ತಗೊಂಡು ಏನ್ ಮಾಡ್ತೀರಿ? ಆರಕ್ಕೊಂದು ಮೇಲ್ ಬರ್ತೈತಿ, ಆರೂ ಇಪ್ಪತ್ತಕ್ಕ ಸರ್ವರ್ ಮಲಗ್ತೈತಿ, ಏಳರ ಮೇಲ್ ಬರೂದs ಇಲ್ಲ. ಹ್ಯಾಂಗ್ ಆದ ಮಷಿನ್ನು ತಾ ಹ್ಯಾಂಗ್ ಆಗೀನಿ ಅಂತ ಮೇಲ್ ಹಾಕೂದಿಲ್ರೀ. ಅದಕ್ಕ ಎರಡು ಕೆಲಸ ಬ್ಯಾರೆ ಮಾಡ್ರಿ: ಪಟ್ಟಿ ನಿಮಿಷಕ್ಕೊಮ್ಮೆ ಡಿಸ್ಕಿನ್ಯಾಗ ಬರೀಲಿ, ಮೇಲ್ ಮಾತ್ರ ಲೋಡ್ (ಸಿಪಿಯು ಇಲ್ಲಾ ಡಿಸ್ಕ್ ಬಳಸಾಕತ್ತಿದ್ದ, ಅದಕ್ಕ ಕಾಯಾಕತ್ತಿದ್ದ ಪ್ರೊಸೆಸ್‌ಗಳ ಸರಾಸರಿ ಸಂಖ್ಯೆ) ಏರಿದಾಗ ಹೋಗ್ಲಿ. ಸಾಲಿಗೆ 80 ಅಕ್ಷರ, 25 ಸಾಲು ಅಂದ್ರ ಸಲಕ್ಕ 2 ಕೆಬಿ, ದಿನಕ್ಕ 3 ಎಂಬಿ ಒಳಗ. ಹಳೇ ಲಾಗ್ ತೆಗೆಯೂ ಲಾಗ್‌ರೊಟೇಟ್‌ನ್ಯಾಗ ವಾರಕ್ಕೊಮ್ಮೆ ಅಂತ ಹಾಕಿದ್ರ ಮುಗೀತು.

ಲೋಡ್ ಎಲ್ಲಿಂದ ಅಂದ್ರ, /ಪ್ರಾಕ್/ಲೋಡ್‌ಆವ್ಜಿ ಫೈಲಿನ ಮೊದಲ ಅಂಕಿ. ಬ್ಯಾಶ್ ದಶಾಂಶ ಹೋಲಿಸೂದಿಲ್ಲ, ಚುಕ್ಕಿ ಹಿಂದಿಂದು ಕತ್ತರಿಸಿ ಪೂರ್ಣಾಂಕ ಅಷ್ಟs ತಗೋರಿ. 4 ಕೋರಿಗೆ 6 ದಾಟಿದ್ರ ಮೇಲ್. ಒಮ್ಮೆ ಕಳಿಸಿದ ಮ್ಯಾಲೆ ಒಂದು ಖಾಲಿ ಫೈಲನ್ನ ಟಚ್ ಮಾಡ್ರಿ. ಮುಂದಿನ ಸಲ ಫೈಂಡ್ ಕಮಾಂಡಿಗೆ -ಎಂಮಿನ್ -30 ಕೊಟ್ಟು, ಆ ಫೈಲು ಅರ್ಧ ತಾಸಿನ ಒಳಗಿಂದು ಇದ್ರ ಸುಮ್ಮನ ಇರಬೇಕು. ಇಲ್ಲಂದ್ರ ಒಂದು ಸಂಜೀಗೆ ನೂರು ಮೇಲ್ ಬೀಳ್ತಾವು, ನೀವs ಅದನ್ನ ಮ್ಯೂಟ್ ಮಾಡ್ತೀರಿ.

ಮಷಿನ್ ನಿಧಾನ ಆದಾಗ ಹಿಂದಿನ ಓಟ ಮುಗಿಯೂದ್ರಾಗ ಮುಂದಿಂದು ಶುರು ಆಗ್ತೈತಿ, ಒಂದರ ಮ್ಯಾಲೊಂದು ಕೂಡ್ತಾವು. ಕ್ರಾನ್ ಸಾಲಿನ್ಯಾಗ ಎಫ್‌ಲಾಕ್ -ಎನ್ ಮುಂದ ಹಾಕ್ರಿ, ಹಿಂದಿಂದು ಓಡಾಕತ್ತಿದ್ರ ಹೊಸದು ಶುರು ಆಗೂದಿಲ್ಲ.

ಇನ್ನ ಪಿಸಿಪಿಯು ಅಂಕಣ. ಭಾಳ ಮಂದಿ ಇಲ್ಲೇ ದಾರಿ ತಪ್ಪತಾರ. ಪಿಎಸ್ ತೋರಸೂದು ಈ ಕ್ಷಣದ್ದಲ್ಲ, ಪ್ರೊಸೆಸ್ ಹುಟ್ಟಿದಾಗಿಂದ ಇಲ್ಲೀ ತನಕದ ಸರಾಸರಿ. 10 ತಾಸು ಓಡಿ 6 ನಿಮಿಷ ಸಿಪಿಯು ತಿಂದಿದ್ದು ಶೇ. 1. ಅದs ಪ್ರೊಸೆಸ್ ಈಗ 10 ನಿಮಿಷ ಪೂರಾ ಒಂದು ಕೋರ್ ನುಂಗಿದ್ರೂ ಪಿಎಸ್‌ನ್ಯಾಗ ಶೇ. 2.6 ಅಷ್ಟs. ಈ ಕ್ಷಣದ್ದು ಬೇಕಂದ್ರ ಟಾಪ್ -ಬಿ -ಎನ್ 2 -ಡಿ 5 ಕೊಟ್ಟು, ಮೊದಲ ಸುತ್ತು ಬಿಟ್ಟು ಎರಡನೇ ಸುತ್ತು ಅಷ್ಟs ಮೇಲ್‌ಗೆ ಹಾಕ್ರಿ. ಮೊದಲನೇದರಾಗೂ ಹಳೇ ಸರಾಸರಿನs ಇರ್ತೈತಿ.

ಬ್ಯಾಡಗಿ_ಬಿಲ್ಲಿಂಗ್

ನಿಮಿಷದ ಲಾಗ್, ಲೋಡ್ ಮಿತಿ ಎರಡೂ ಹಾಕಿದೆ. ಕೈಯಿಂದ ಓಡಿಸಿದರೆ ಮೇಲ್ ಬರುತ್ತದೆ, ಕ್ರಾನ್‌ನಿಂದ ಬರುವುದಿಲ್ಲ. ಕ್ರಾನ್ ಸಾಲಿನ ಕೊನೆಗೆ ಲಾಗ್ ಫೈಲಿನ ಹೆಸರಿನಲ್ಲಿ ಡೇಟ್ +%ಎಫ್ (ತಾರೀಖು ಬರೆಯುವುದು, ಎಫ್ ದೊಡ್ಡಕ್ಷರ) ಇದೆ. ಇನ್ನೊಂದು: ಕೈಯಿಂದ ಕಳಿಸಿದಾಗ ಜಾವಾದ ಪೂರ್ತಿ ಸಾಲು ಕಾಣಲೆಂದು ಕಾಮ್ ಬದಲು ಆರ್ಗ್ಸ್ ಹಾಕಿದ್ದೆ. ಆ ಮೇಲ್‌ನಲ್ಲಿ ಸಾಲು ನಡುವೆ ಮುರಿದು ಬಂತು.

ಬೆಟಗೇರಿ_ರೂಟ್

ಕ್ರಾನ್‌ಟ್ಯಾಬ್‌ನಲ್ಲಿ (ಕ್ರಾನ್ ಸಾಲುಗಳಿರುವ ಫೈಲು) ಶೇಕಡಾ ಚಿಹ್ನೆ ಎಂದರೆ ಹೊಸ ಸಾಲು. ಮೊದಲ ಚಿಹ್ನೆಯ ನಂತರದ್ದೆಲ್ಲ ಕಮಾಂಡಿನ ಇನ್‌ಪುಟ್ ಆಗಿಬಿಡುತ್ತದೆ, ನಿಮ್ಮ ಕಮಾಂಡ್ ಅರ್ಧಕ್ಕೇ ಕತ್ತರಿಸಿದೆ. ಮುಂದೆ ಬ್ಯಾಕ್‌ಸ್ಲ್ಯಾಶ್ ಹಾಕಬಹುದು, ಆದರೆ ತಾರೀಖಿನ ಕೆಲಸವನ್ನು ಸ್ಕ್ರಿಪ್ಟ್ ಒಳಗೇ ಒಯ್ಯುವುದು ಉತ್ತಮ. ಅಲ್ಲಿ ಈ ತಂಟೆ ಇಲ್ಲ.

ಇದಾದ ಮೇಲೂ ಬರದಿದ್ದರೆ ಮೂರು ಕಡೆ ನೋಡಿ. ಕ್ರಾನ್ ರೂಟ್ ಹೆಸರಿನಲ್ಲಿ ಓಡುತ್ತಿದ್ದು ಎಂಎಸ್‌ಎಂಟಿಪಿ ಸೆಟ್ಟಿಂಗ್ ನಿಮ್ಮ ಹೋಮ್ ಫೋಲ್ಡರಿನಲ್ಲಿದ್ದರೆ ರೂಟ್‌ಗೆ ಅದು ಸಿಗುವುದಿಲ್ಲ. ಕ್ರಾನ್‌ನ ಪಾತ್‌ನಲ್ಲಿ (ಕಮಾಂಡ್ ಹುಡುಕುವ ಫೋಲ್ಡರುಗಳು) /ಯುಎಸ್‌ಆರ್/ಬಿನ್ ಮತ್ತು /ಬಿನ್ ಮಾತ್ರ, ನಿಮ್ಮ ಶೆಲ್ ಸೆಟ್ಟಿಂಗ್ ಇರುವ ಬ್ಯಾಶ್‌ಆರ್‌ಸಿ ಫೈಲನ್ನು ಅದು ಓದುವುದಿಲ್ಲ. ಸ್ಕ್ರಿಪ್ಟನ್ನು ವಿಂಡೋಸ್‌ನ ನೋಟ್‌ಪ್ಯಾಡಿನಲ್ಲಿ ಬರೆದಿದ್ದರೆ ಪ್ರತಿ ಸಾಲಿನ ತುದಿಗೆ ಕಾಣದ ಅಕ್ಷರವೊಂದು ಸೇರಿ ಬ್ಯಾಡ್ ಇಂಟರ್‌ಪ್ರಿಟರ್ ಎನ್ನುತ್ತದೆ, ಡಾಸ್2ಯುನಿಕ್ಸ್ ಓಡಿಸಿದರೆ ಸರಿ. ಊಹಿಸುತ್ತ ಕೂರುವ ಬದಲು ಕ್ರಾನ್ ಸಾಲಿನ ಕೊನೆಗೆ ಎರರ್ ಸಹಿತ ಔಟ್‌ಪುಟ್ಟನ್ನು ಒಂದು ಫೈಲಿಗೆ ತಿರುಗಿಸಿ ಓದಿ.

ಸಾಲು ಮುರಿಯುವುದಕ್ಕೆ ಕಾರಣ ಮೇಲ್‌ನ ನಿಯಮ: ಒಂದು ಸಾಲು 998 ಅಕ್ಷರ ಮೀರುವಂತಿಲ್ಲ. ಟಾಮ್‌ಕ್ಯಾಟಿನ ಜಾವಾ ಸಾಲು ಸುಲಭವಾಗಿ ಅದನ್ನು ದಾಟುತ್ತದೆ. ಪ್ರತಿ ಸಾಲಿನ ಮೊದಲ 200 ಅಕ್ಷರ ಮಾತ್ರ ಉಳಿಸಲು ಕಟ್ -ಸಿ 1-200 ಸೇರಿಸಿ.

ನವಲೂರು_ನೋಡ್

ಕಟ್ ಸೇರಿಸುವ ಮೊದಲು ಆರ್ಗ್ಸ್ ಬೇಕೇ ಎಂದು ಯೋಚಿಸಿ. ಜಾವಾ ಸಾಲಿನಲ್ಲಿ ದೊಡ್ಡಕ್ಷರದ -ಡಿ ಕೊಟ್ಟು ಡೇಟಾಬೇಸ್ ಪಾಸ್‌ವರ್ಡ್ ಇಟ್ಟಿರುವ ಸಾಫ್ಟ್‌ವೇರ್‌ಗಳು ಬೇಕಾದಷ್ಟಿವೆ. ಬ್ಯಾಕಪ್ ಸ್ಕ್ರಿಪ್ಟ್‌ಗಳಲ್ಲೂ ಅಷ್ಟೇ. ಅದು ಪಟ್ಟಿಯೊಂದಿಗೆ ಮೇಲ್ ಪೆಟ್ಟಿಗೆಗೆ ಹೋಗಿ ವರ್ಷಗಟ್ಟಲೆ ಕೂರುತ್ತದೆ, ಫಾರ್ವರ್ಡ್ ಆಗಿ ವಾಟ್ಸ್‌ಆ್ಯಪ್ ಗುಂಪಿಗೂ ಬೀಳುತ್ತದೆ. ಈಗಾಗಲೇ ಕಳಿಸಿದ್ದೀರಿ ಎಂದಾದರೆ ಆ ಮೇಲ್ ತೆರೆದು ನೋಡಿ, ಪಾಸ್‌ವರ್ಡ್ ಕಂಡರೆ ಬದಲಿಸಿ.

ಆದರೆ ಕಾಮ್ ಹಾಕಿದರೆ ಪೋಸ್ಟ್‌ಗ್ರೆಸ್ ವಿಷಯದಲ್ಲಿ ಒಂದು ನಷ್ಟವಿದೆ. ಪೋಸ್ಟ್‌ಗ್ರೆಸ್ ಪ್ರತಿ ಕನೆಕ್ಷನ್‌ಗೆ ಒಂದು ಪ್ರೊಸೆಸ್ ಹುಟ್ಟಿಸುತ್ತದೆ, ಅದರ ಸ್ಥಿತಿಯನ್ನು ಆರ್ಗ್ಸ್‌ನಲ್ಲೇ ಬರೆಯುತ್ತದೆ: ಯಾವ ಯೂಸರ್, ಯಾವ ಡೇಟಾಬೇಸ್, ಸೆಲೆಕ್ಟ್ ನಡೆದಿದೆಯೋ ಐಡಲ್ ಇದೆಯೋ. ಪಾಸ್‌ವರ್ಡ್ ಅಲ್ಲಿರುವುದಿಲ್ಲ. ಹಾಗಾಗಿ ಎರಡು ಪಟ್ಟಿ ಮಾಡಿ. ಎಲ್ಲಕ್ಕೂ ಕಾಮ್, ಪೋಸ್ಟ್‌ಗ್ರೆಸ್‌ಗೆ ಮಾತ್ರ ಪಿಎಸ್ -ಯು ಪೋಸ್ಟ್‌ಗ್ರೆಸ್ -ಓ ಪಿಐಡಿ,ಸ್ಟ್ಯಾಟ್,ಇಟೈಮ್,ಆರ್ಗ್ಸ್. ನಿಮ್ಮ ಕಥೆಯ ಮುಖ್ಯ ಪಾತ್ರ ಈ ಎರಡನೇ ಪಟ್ಟಿಯಲ್ಲೇ ಇರಬಹುದು ಎಂದು ನನ್ನ ಗುಮಾನಿ. 'ಐಡಲ್ ಇನ್ ಟ್ರಾನ್ಸಾಕ್ಷನ್' (ಟ್ರಾನ್ಸಾಕ್ಷನ್ ತೆರೆದು ಸುಮ್ಮನಿರುವ ಕನೆಕ್ಷನ್) ಎಂದು ಹಲವು ಸಾಲು ಬಂದು, ಅವುಗಳ ಜೊತೆಗೇ 'ವೇಯ್ಟಿಂಗ್' ಎಂದೂ ಕಂಡರೆ, ಬಿಲ್ ಅರ್ಧಕ್ಕೆ ಬಿಟ್ಟ ಯಾವುದೋ ಸ್ಕ್ರೀನ್, ಡೇಟಾಬೇಸಿನ ಲಾಕ್ ಹಿಡಿದು ಉಳಿದವರನ್ನು ತಡೆದು ಕೂತಿದೆ. ಇಟೈಮ್ ಕನೆಕ್ಷನ್ನಿನ ವಯಸ್ಸು, ಟ್ರಾನ್ಸಾಕ್ಷನ್ನಿನದ್ದಲ್ಲ. ಅದು ಬೇಕಾದರೆ ಪೋಸ್ಟ್‌ಗ್ರೆಸ್ ಒಳಗೆ ಪಿಜಿ_ಸ್ಟ್ಯಾಟ್_ಆಕ್ಟಿವಿಟಿ ನೋಡಬೇಕು. ಐಡಲ್_ಇನ್_ಟ್ರಾನ್ಸಾಕ್ಷನ್_ಸೆಷನ್_ಟೈಮ್‌ಔಟ್ ಅನ್ನು 5 ನಿಮಿಷಕ್ಕೆ ಇಟ್ಟರೆ ಪೋಸ್ಟ್‌ಗ್ರೆಸ್ಸೇ ಅಂಥವನ್ನು ಕಡಿಯುತ್ತದೆ. ಸುಮ್ಮನೆ ಲಾಕ್‌ಗೆ ಕಾಯುವ ಪ್ರೊಸೆಸ್ ಲೋಡ್ ಏರಿಸುವುದಿಲ್ಲ, ಆದ್ದರಿಂದ 6ರ ಮಿತಿಯನ್ನೇ ನಂಬಬೇಡಿ; 'ಐಡಲ್ ಇನ್ ಟ್ರಾನ್ಸಾಕ್ಷನ್' ಸಾಲುಗಳು 10 ದಾಟಿದರೂ ಮೇಲ್ ಹೋಗಲಿ.

ಪೋಸ್ಟ್‌ಗ್ರೆಸ್‌ನ ಪಿಮೆಮ್‌ಗಳನ್ನು ಕೂಡಿಸಿ ಗಾಬರಿಯಾಗಬೇಡಿ. ಹಂಚಿಕೊಂಡ ಮೆಮೊರಿ ಪ್ರತಿ ಸಾಲಿನಲ್ಲೂ ಲೆಕ್ಕವಾಗುತ್ತದೆ, ಮೊತ್ತ ನೂರು ದಾಟಿದರೂ ಅರ್ಥವಿಲ್ಲ.

ಟರ್ಮಿನಲ್_ಧಾರವಾಡ

ಪೂರ್ತಿ ನಿಂತು ಹೋಗೂದಕ್ಕ ಬ್ಯಾರೆ ಕಾರಣಾನೂ ಇರಬಹುದು. ಸ್ಟ್ಯಾಟ್ ಅಂಕಣದಾಗ ಡಿ ಅಂತ ಶುರು ಆಗೂ ಸಾಲು ಎಷ್ಟು ಅದಾವು ನೋಡ್ರಿ. ಸಿಪಿಯು ಖಾಲಿ, ಲೋಡ್ 20, ಡಿ ಸಾಲು ರಾಶಿ ಅಂದ್ರ ಡಿಸ್ಕಿಗೆ ಕಾಯಾಕತ್ತಾವು. ಮೇಲ್‌ನ್ಯಾಗ ವಿಎಂಸ್ಟ್ಯಾಟ್ 1 5 ಸೇರಸ್ರಿ, ಎಸ್‌ಐ ಎಸ್‌ಓ ಅಂಕಣ ಸೊನ್ನೆ ಬಿಟ್ಟು ಓಡಾಡಿದ್ರ ರ‍್ಯಾಮ್ ಸಾಲದs ಸ್ವಾಪ್ (ಡಿಸ್ಕನ್ನs ಮೆಮೊರಿ ಮಾಡ್ಕೊಳ್ಳೂದು) ಹೊಡ್ಯಾಕತ್ತೈತಿ. 8 ಜಿಬಿ ಮಷಿನ್ನಿನ್ಯಾಗ ಜಾವಾಕ್ಕ 6 ಜಿಬಿ ಹೀಪ್ (ಜಾವಾದ ಮೆಮೊರಿ) ಕೊಟ್ಟು ಕೂತ್ರ ಪೋಸ್ಟ್‌ಗ್ರೆಸ್‌ಗೆ ಏನ್ ಉಳೀತೈತ್ರಿ? ಜಾವಾ ತಾನs ಸತ್ತಿದ್ರ ಜರ್ನಲ್‌ಸಿಟಿಎಲ್ -ಕೆ (ಕರ್ನಲ್ ಲಾಗ್) ಒಳಗ 'ಔಟ್ ಆಫ್ ಮೆಮೊರಿ' ಹುಡುಕ್ರಿ. ರೀಸ್ಟಾರ್ಟ್ ಆಗಿದ್ರ -ಬಿ -1 ಸೇರಿಸಿದ್ರ ಹಿಂದಿನ ಬೂಟಿಂದು ಸಿಗ್ತೈತಿ.

ಬ್ಯಾಡಗಿ_ಬಿಲ್ಲಿಂಗ್

ಶೇಕಡಾ ಚಿಹ್ನೆ ತೆಗೆದ ಮೇಲೆ ಬರುತ್ತಿದೆ. ಪಾಸ್‌ವರ್ಡ್ ಬದಲಿಸಿದ್ದೂ ಆಯಿತು. ಆದರೆ ರಾತ್ರಿ 8ಕ್ಕೆ ಇಟ್ಟ ದಿನದ ಸಾರಾಂಶದ ಮೇಲ್ ನಡುರಾತ್ರಿ 1:30ಕ್ಕೆ ಬರುತ್ತಿದೆ, ತಡವಾಗಿ ತಲುಪುತ್ತಿದೆಯೇ?

ಬೆಟಗೇರಿ_ರೂಟ್

ತಡವಲ್ಲ, ಸರ್ವರ್ ಯುಟಿಸಿಯಲ್ಲಿದೆ (ಜಾಗತಿಕ ಪ್ರಮಾಣ ಸಮಯ). ಐದೂವರೆ ಗಂಟೆ ವ್ಯತ್ಯಾಸ. ಟೈಮ್‌ಡೇಟ್‌ಸಿಟಿಎಲ್ ಸೆಟ್-ಟೈಮ್‌ಝೋನ್ ಏಷ್ಯಾ/ಕೋಲ್ಕತಾ ಕೊಡಿ (ಎರಡೂ ಹೆಸರಿನ ಮೊದಲಕ್ಷರ ದೊಡ್ಡಕ್ಷರ), ಆಮೇಲೆ ಕ್ರಾನ್ ಸರ್ವಿಸನ್ನು ರೀಸ್ಟಾರ್ಟ್ ಮಾಡಿ. ಟಾಮ್‌ಕ್ಯಾಟ್ ಕೂಡ ಶುರುವಾದಾಗಿನ ಟೈಮ್‌ಝೋನ್ ಹಿಡಿದುಕೊಂಡಿರುತ್ತದೆ, ಅದನ್ನು ಟೆಂಡರ್ ಇಲ್ಲದ ದಿನ ರೀಸ್ಟಾರ್ಟ್ ಮಾಡಿ. ಬಿಲ್ಲಿನ ತಾರೀಖನ್ನು ಸಾಫ್ಟ್‌ವೇರ್ ಸರ್ವರ್ ಗಡಿಯಾರದಿಂದ ತೆಗೆದುಕೊಳ್ಳುತ್ತಿದ್ದರೆ ಮೊದಲು ಅದನ್ನು ಬರೆದವರನ್ನು ಕೇಳಿ, ಆಮೇಲೆ ಕೈ ಹಾಕಿ.